ಬಣ್ಣ ಹಚ್ಚಿದ ಮೇಲೆ ಕಳಕಪ್ಪ ಇಲ್ಲ

ಮುಖಕ್ಕೆ ಬಣ್ಣ ಬಿತ್ತೆಂದರೆ ನಮ್ಮ ದೊಡ್ಡಾಟದ ಮೇಳದ ಕಳಕಪ್ಪ ಮಾಸ್ತರರು ತಮ್ಮ ಹೆಸರಿಗೇ ಓಗೊಡುತ್ತಿರಲಿಲ್ಲ. ಹೆಂಡತಿ ಕರೆದರೂ ಇಲ್ಲ, ಹೆತ್ತ ತಾಯಿ ಕರೆದರೂ ಇಲ್ಲ. ಒಮ್ಮೆ ಅವರ ಮನೆಗೋಡೆಯ ವ್ಯಾಜ್ಯದ ಸಮನ್ಸ್ ಹಿಡಿದುಕೊಂಡು ರೋಣದ ಕೋರ್ಟಿನ ಬೇಲೀಫನೊಬ್ಬ ಜಕ್ಕಲಿಯ ತನಕ ಹುಡುಕಿಕೊಂಡು ಬಂದ. ಆಟ ಶುರುವಾಗುವ ಹೊತ್ತು. ಮಾಸ್ತರರು ಬಣ್ಣದ ಮನೆಯಲ್ಲಿ ಕಿರೀಟ ಕಟ್ಟಿಸಿಕೊಂಡು ಕೂತಿದ್ದರು.

"ಕಳಕಪ್ಪ ಅಂದ್ರ ಯಾರು?" ಎಂದ ಬೇಲೀಫ.

ಮಾಸ್ತರರು ಕನ್ನಡಿಯೊಳಗಿಂದಲೇ ಅವನನ್ನು ನೋಡಿ, "ಅವ ಮುಂಜಾನಿ ಸಿಗ್ತಾನ್ರಿ. ಈಗ ಇಲ್ಲಿ ಸಿಡಿಲಮಲ್ಲ ಅದಾನ. ಅವನ ಮ್ಯಾಲ ಏನರೆ ಫಿರ್ಯಾದಿ ಐತೇನು?" ಎಂದರು.

ಬೇಲೀಫ ಹಾರಾಡಿದ, ಕಾಯ್ದೆ ತೆಗೆದ, ಕಡೆಗೆ ಸೋತು ಜನರ ನಡುವೆ ಹೋಗಿ ಆಟ ನೋಡುತ್ತ ಕೂತ. ಮುಂಜಾನೆ ಮುಖ ತೊಳೆದ ಕಳಕಪ್ಪನ ಕೈಗೆ ಸಮನ್ಸ್ ಕೊಟ್ಟು, ಸಹಿ ತೆಗೆದುಕೊಂಡು, "ನಿಮ್ಮ ಕಾಳಗ ಭಾಳ ಚಲೋ ಆತ್ರಿ" ಎಂದು ಹೇಳಿ ಹೋದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈ ಹಟವೇ ಮುಂದೆ ನನ್ನ ತಲೆ ತಿನ್ನುತ್ತದೆಂದು ಆಗ ನನಗೇನು ಗೊತ್ತು?

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಅವರ ಮನೆ. ಹಗಲೆಲ್ಲ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟುಕೊಂಡು ಸೀರೆ ನೇಯುವರು. ಅಲ್ಲಿ ಕೂತಾಗ ಸಾಧಾರಣ ಆಳು. ಎದ್ದು ನಿಂತರೆ ಮನೆಯ ತೊಲೆ ತಲೆಗೆ ತಗಲುವುದು. ಮಾತು ಭಾಳ ಮೆತ್ತಗೆ. ಎಳೆ ಹರಿದರೂ ಬೈದವರಲ್ಲ. ಬಾಯಲ್ಲಿ ಎಲೆ-ಅಡಕೆ ಇದ್ದರಂತೂ ನಾಲ್ಕು ಸಲ ಕೇಳಿದರೆ ಒಂದು "ಹ್ಞೂಂ" ಬರುವುದು. ಅಂಥ ಮನುಷ್ಯ ದೊಡ್ಡಾಟದ ಅಟ್ಟದ ಮೇಲೆ ನಿಂತು "ಎಲಾ ಸಾರಥೀ!" ಎಂದರೆ ಊರ ನಾಯಿಗಳು ಬೊಗಳುವುದನ್ನು ನಿಲ್ಲಿಸುತ್ತಿದ್ದವು.

ಆ ಸಾರಥಿ ನಾನೇ. ಬಜಾರದಲ್ಲಿ ಬಟ್ಟೆ ಹೊಲಿಯುವ ದರ್ಜಿ ಹುಸೇನಸಾಬ. ಮೇಳದ ಅಂಗಿ, ಚಲ್ಲಣ, ಜರಿಯ ಪಟ್ಟಿ ಎಲ್ಲ ನನ್ನ ಮಷೀನಿನಲ್ಲೇ ಆಗುತ್ತಿದ್ದವು. ಹೊಲಿಯುತ್ತ ಹೊಲಿಯುತ್ತ ನಾನೂ ಆಟಕ್ಕೆ ಹೊಲಿದುಕೊಂಡೆ. ಸಾರಥಿಯ ಕೆಲಸ ಏನೆಂದರೆ, ಪಾತ್ರ ಒಳಗೆ ಬಂದ ಕೂಡಲೇ "ನೀವು ಯಾರಪ್ಪಾ, ಎಲ್ಲಿಂದ ಬಂದ್ರಿ?" ಎಂದು ಕೇಳಿ ಮಾತು ಹೊರಡಿಸುವುದು, ನಡುನಡುವೆ ಜನರನ್ನು ನಗಿಸುವುದು. ಸಾರಥಿಗೆ ಲಗಾಮಿಲ್ಲ. ಊರ ಸುದ್ದಿ, ಬಜಾರದ ಸುದ್ದಿ, ಯಾರ ಎಮ್ಮೆ ಯಾರ ಹೊಲ ಹೊಕ್ಕಿತು, ಏನು ಬೇಕಾದರೂ ಆಡಬಹುದು. ಉಳಿದವರು ಪದ ಬಿಟ್ಟು ಆಚೀಚೆ ಹೋಗುವಂತಿಲ್ಲ. ಅದರಲ್ಲೂ ಸಿಡಿಲಮಲ್ಲ.

ಸಿಡಿಲಮಲ್ಲನ ಆಟ ಮಾಸ್ತರರ ಅಜ್ಜ ಕಟ್ಟಿದ್ದು. ಸಿಡಿಲು ಹೊಡೆದ ಬಂಡೆಯೊಳಗಿಂದ ಹುಟ್ಟಿದ ವೀರ. ಶೋಷಾಸುರನೆಂಬ ರಕ್ಕಸ ನಾಡಿನ ನೀರನ್ನೆಲ್ಲ ಕಲ್ಲಬಾಗಿಲ ಹಿಂದೆ ಕೂಡಿಹಾಕಿ ತಾನೊಬ್ಬನೇ ಕುಡಿಯುತ್ತಿರುತ್ತಾನೆ. ಸಿಡಿಲಮಲ್ಲ ಮುಗಿಲ ಮೇಲಿಂದ ಹಾರಿಬಂದು (ಅಂದರೆ ಪರದೆಯ ಹಿಂದೆ ನಿಲ್ಲಿಸಿದ ಚಕ್ಕಡಿಯ ಮೇಲಿಂದ) ರಕ್ಕಸನನ್ನು ಕೊಂದು ಬಾಗಿಲು ಒಡೆಯುತ್ತಾನೆ. ಆ ಕಾಳಗ ಸರಿಯಾಗಿ ಹೊತ್ತು ಹುಟ್ಟುವಾಗಲೇ ಬರಬೇಕು. "ಈ ನೀರು ಯಾರಿಗಪಾ ವೀರಾ?" ಎಂದು ಸಾರಥಿ ಕೇಳಬೇಕು, "ಬಾಯಾರಿದವರಿಗೆಲ್ಲ!" ಎಂದು ಅವನು ಗರ್ಜಿಸಬೇಕು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವರು.

ಆಮೇಲೆ ಇನ್ನೊಂದು ರಿವಾಜು. ಸಿಡಿಲಮಲ್ಲ ಬಣ್ಣದಲ್ಲೇ, ಸನಾದಿ ನುಡಿಸುತ್ತ ಮುಂದೆ ಹೋಗುವವನ ಹಿಂದೆ, ಆ ಊರಿನ ಸೇದುವ ಬಾವಿಗೆ ನಡೆಯಬೇಕು. ಊರ ಹಿರಿಯ ನೀರು ಸೇದಿ ಅವನ ಪಾದ ತೊಳೆಯಬೇಕು. ಅಲ್ಲೇ ಬಣ್ಣ ಇಳಿಯಬೇಕು. ಇಳಿದ ಮೇಲೆ ಸಾರಥಿ, "ಈಗ ನೀ ಯಾರಪಾ?" ಎಂದು ಕೇಳಿದರೆ ಅವನು ತನ್ನ ಹೆಸರು, ಅಪ್ಪನ ಹೆಸರು ಹೇಳಿ ಬೊಗಸೆ ನೀರು ಕುಡಿಯಬೇಕು. ಅವನು ನೀರು ಕುಡಿಯುವ ತನಕ ಆ ಊರಿನಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ. ಬಣ್ಣದ ವೀರ ಬೀದಿಯಲ್ಲಿರುವಾಗ ಒಲೆ ಹಚ್ಚಿದರೆ ಮಳೆ ಮುನಿಯುತ್ತದೆಂದು ನಂಬಿಕೆ.

ನಾಡಿಗೆ ಮೊದಲ ಚುನಾವಣೆ ಬಂದಾಗ ಸಿಡಿಲಮಲ್ಲನಿಗೆ ಎಲ್ಲಿಲ್ಲದ ಬೆಲೆ ಬಂತು. ಮುಖಂಡರ ಭಾಷಣಕ್ಕೆ ಹತ್ತು ಜನ, ನಮ್ಮ ಆಟಕ್ಕೆ ಸುತ್ತ ಹಳ್ಳಿಯ ಜನ. ನರಗುಂದದ ಕಡೆಯ ಒಬ್ಬ ಉಮೇದುವಾರ ಬಂದು ಮಗ್ಗದ ಪಕ್ಕ ಕೂತ. ಅವನ ಗುರುತು ಏಣಿ.

"ಮಾಸ್ತರ, ಭಾಳೇನಿಲ್ರಿ. ಸಿಡಿಲಮಲ್ಲ ಮುಗಿಲಿಂದ ಇಳಿಯೂ ಮುಂದ ಏಣಿ ಹಚ್ಚಿ ಇಳದ್ರ ಸಾಕು."

ಮಾಸ್ತರರು ಲಾಳಿ ಎಸೆಯುವುದನ್ನು ನಿಲ್ಲಿಸಲಿಲ್ಲ. "ಸಿಡಿಲು ಏಣಿ ಹಚ್ಚಿ ಇಳದಿದ್ದು ಎಲ್ಲ್ಯರ ನೋಡೀರೇನ್ರಿ ಸಾಹೇಬ್ರ?"

ಈ ಸುದ್ದಿ ಕೇಳಿ ಎದುರಾಳಿಗೆ ಖುಷಿಯೋ ಖುಷಿ. ಮರುದಿನವೇ ಬಂದು, ನಮ್ಮವರಾದಿರಿ ಎಂದು ಮಾಸ್ತರರ ಕೈ ಹಿಡಿದ. ಅವನ ಗುರುತು ತಕ್ಕಡಿ. "ಸಿಡಿಲಮಲ್ಲಗ ಓಟ ಇಲ್ರಿ. ಅವ ಯಾರ ಪೈಕಿನೂ ಅಲ್ಲ," ಎಂದು ಅವನನ್ನೂ ಕಳಿಸಿದರು. ಏಣಿಯವರೂ ಮುನಿದರು, ತಕ್ಕಡಿಯವರೂ ಮುನಿದರು. ಗ್ಯಾಸಬತ್ತಿ ಕೊಡುತ್ತೇವೆಂದಿದ್ದ ಇಬ್ಬರೂ ಕೈ ಎತ್ತಿದರು. ಆ ವರ್ಷ ನಾವು ಪಂಜು ಹಿಡಿದು ಆಡಿದೆವು. ನಾನು ಹೊಲಿದ ಹೊಸ ಜರಿ ಅಂಗಿಯ ಮೇಲೆ ಎಣ್ಣೆ ಸೋರಿ ಹಾಳಾಯಿತು. ಅದಾದ ಮೇಲೆ ಸರಕಾರಿ ಸಾಹೇಬನೊಬ್ಬ ಬಂದು, ಸಿಡಿಲಮಲ್ಲ ತಿಪ್ಪೆಗುಂಡಿ ತೋಡುವ ಬಗ್ಗೆ ನಾಲ್ಕು ಮಾತು ಆಡಲಿ, ಬೆಳೆ ಹೆಚ್ಚುತ್ತದೆ ಎಂದ. ಮಾಸ್ತರರು ಅದಕ್ಕೆ ಎಲೆ-ಅಡಕೆಯ "ಹ್ಞೂಂ" ಕೊಟ್ಟು ಕಳಿಸಿದರು, ಆಡಲಿಲ್ಲ.

ಅಲ್ಲಿಯ ತನಕ ನಾನು ಮಾಸ್ತರರ ಪರವೇ. ಈಗ ನನ್ನ ಮೊಮ್ಮಗ ಟಿವಿಯಲ್ಲಿ ಮೈಗೆ ಅಂಟಿದ ಚಡ್ಡಿ ತೊಟ್ಟು ಹಾರಾಡುವ ವೀರರನ್ನು ನೋಡುತ್ತಾನೆ. ಆ ವೀರ ನಡುವೆ ನಿಂತು ಸರಕಾರ ಹಾಗಿರಬೇಕು, ಜನ ಹೀಗಿರಬೇಕು ಎಂದು ಉಪದೇಶ ಶುರುಮಾಡಿದರೆ ನನ್ನ ಮಗ, "ಇದರಾಗೂ ರಾಜಕೀಯ ತಂದು ಇಟ್ರಲ್ಲೋ, ಹೊಡದಾಟ ತೋರಸ್ರಿ ಸಾಕು," ಎಂದು ಗೊಣಗುತ್ತಾನೆ. ಸೊಸೆ, "ಯಾಕ, ಬರೇ ಹೊಡದಾಟ ನೋಡಿ ಹುಡುಗ್ರು ಏನ ಕಲೀತಾವು?" ಎನ್ನುತ್ತಾಳೆ. ಇಬ್ಬರೂ ನನ್ನ ಮುಖ ನೋಡುತ್ತಾರೆ. ನಾನೇನು ಹೇಳಲಿ? ಇದೇ ಜಗಳ ಮೂರು ವರ್ಷ ಆಡಿ ಗಂಟಲು ಹರಿದುಕೊಂಡವ ನಾನು.

ನಮ್ಮ ಸನಾದಿಯವ ದುರುಗಪ್ಪ. ಊರ ಹೊರಗಿನ ಕೇರಿಯವ. ನನ್ನ ವಯಸ್ಸಿನವ, ಬೆತ್ತದಂಥ ಮೈ, ಸಣ್ಣ ನಗೆ. ಅವನ ಸನಾದಿ ಇಲ್ಲದೆ ಸಿಡಿಲಮಲ್ಲ ಒಂದು ಹೆಜ್ಜೆ ಎತ್ತುವಂತಿರಲಿಲ್ಲ. ಆದರೆ ಅವನು ಅಟ್ಟದ ಮೇಲೆ ಏರುವಂತಿರಲಿಲ್ಲ. ಕೆಳಗೆ ನೆಲದ ಮೇಲೆ ನಿಂತು ನುಡಿಸಬೇಕು. ನೀರು ಬೇಕೆಂದರೆ ಬೊಗಸೆ ಒಡ್ಡಬೇಕು, ಮೇಲಿನಿಂದ ಯಾರಾದರೂ ಹೊಯ್ಯಬೇಕು. ಮಾಸ್ತರರ ಮನೆಯಲ್ಲೂ ಅವನ ಚಹಾದ ಬಟ್ಟಲು ಹೊರಗಿನ ಗೂಟಕ್ಕೇ ತೂಗುತ್ತಿತ್ತು. ಇದನ್ನು ಮುಚ್ಚಿಟ್ಟು ಮಾಸ್ತರರನ್ನು ಹೊಗಳಿದರೆ ಚಿತ್ರ ಸುಳ್ಳಾಗುತ್ತದೆ.

ಹೊಳೆಆಲೂರಿನ ಕಡೆ ಒಂದು ಹಳ್ಳಿ. ಹೆಸರು ಬೇಡ; ಈಗಿನ ಮೊಮ್ಮಕ್ಕಳು ಒಳ್ಳೆಯವರಿದ್ದಾರೆ. ಸುಗ್ಗಿ ಮುಗಿದ ಮೇಲೆ ವರ್ಷಾ ಅಲ್ಲಿ ನಮ್ಮ ಆಟ. ಆ ಊರ ಜನ ಅತ್ತಷ್ಟು ಬೇರೆ ಯಾವ ಊರವರೂ ಅಳುತ್ತಿರಲಿಲ್ಲ. ಕಲ್ಲಬಾಗಿಲು ಒಡೆದರೆ ಎದ್ದು ನಿಂತು ಕೇಕೆ ಹಾಕುವರು. ಅದೇ ಜನ ಬಾವಿಯ ಹತ್ತಿರ ಬಂದರೆ ಬೇರೆ. ಬಾವಿಯಿಂದ ಹತ್ತಾರು ಮಾರು ದೂರದಲ್ಲಿ ಒಂದು ಬೇವಿನ ಗಿಡ. ದುರುಗಪ್ಪನ ಸನಾದಿ ಆ ಗಿಡದ ಹತ್ತಿರ ನಿಲ್ಲಬೇಕು. ಆ ಊರ ಕೇರಿಯ ಹೆಂಗಸರೂ ಅಲ್ಲೇ ಕೊಡ ಇಟ್ಟುಕೊಂಡು, ಯಾರಾದರೂ ಪುಣ್ಯಾತ್ಮರು ಸೇದಿ ಹಾಕುತ್ತಾರೇನೋ ಎಂದು ಕಾಯುತ್ತಿದ್ದರು. ಕಾಯ್ದೆ ಬಂದು, ಸಾಹೇಬರು ಬಂದು, ಬಾವಿ ಎಲ್ಲರಿಗೂ ಎಂದು ಹಲಗೆ ಬರೆಸಿ ತೂಗುಹಾಕಿ ಹೋದರು. ಆ ಹಲಗೆಯ ಮೇಲೆ ಊರವರು ಒದ್ದೆ ಹಗ್ಗ ಒಣಗಹಾಕಿದರು.

ನನಗೆ ಮೈ ಉರಿಯಿತು. "ಮಾಸ್ತರ, ಸಾಹೇಬ ಹೇಳಿದ್ರ ಕೇಳಂಗಿಲ್ಲ, ಕಾಯ್ದೆ ಹೇಳಿದ್ರ ಕೇಳಂಗಿಲ್ಲ. ಸಿಡಿಲಮಲ್ಲ ಹೇಳಿದ್ರ ಕೇಳ್ತಾರ್ರಿ. ಒಂದ ಮಾತು! 'ಬಾಯಾರಿದವರಿಗೆಲ್ಲ' ಅಂದ ಮ್ಯಾಲ, 'ಈ ಊರ ಬಾವಿನೂ ಹಂಗ' ಅಂದುಬಿಡ್ರಿ. ನಿಮ್ಮ ಗಂಟೇನ ಹೋಕ್ಕೈತಿ?"

ಮಾಸ್ತರರು ಎಳೆ ಜೋಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಇವತ್ತ ನೀ ಚಲೋ ಮಾತು ಬಾಯಾಗ ಇಡತಿ. ನಾಳೆ ಏಣಿಯವ ಬಂದು ತನ್ನ ಮಾತು ಇಡತಾನ. ನಾ ಆವತ್ತ ಅವಗ ಹ್ಯಾಂಗ ಒಲ್ಲೆ ಅನ್ಲಿ?"

"ಏಣಿನೂ ಬಾವಿನೂ ಒಂದ ಏನ್ರಿ?"

"ನಿನಗ ಅಲ್ಲ, ನನಗ ಅಲ್ಲ. ಬಾಯಿ ಒಮ್ಮೆ ಬಾಡಿಗಿಗೆ ಬಿತ್ತಂದ್ರ ಅದಕ್ಕ ಎಲ್ಲಾರೂ ಒಂದ. ಮುಂದ ಸಿಡಿಲಮಲ್ಲ ಖರೇ ಹೇಳಿದ್ರೂ ಜನ ಅಂತಾರ, ಇವನ ಕಡೆಯಿಂದ ಇದನ್ನ ಯಾರು ಹೇಳಿಸ್ಯಾರ, ಅಂತ."

"ಅನ್ಯಾಯ ಕಣ್ಣ ಮುಂದ ಇದ್ದಾಗ ಬಾಯಿ ಮುಚ್ಕೊಂಡು ನಿಂತಾವ ಎಂಥ ವೀರ್ರಿ? ಹಲಗಿ ಮ್ಯಾಲ ಬರದ ಹುಲಿ!"

"ಅಜ್ಜ ಬರದದ್ದ ಆಡತೀನಿ. 'ಎಲ್ಲ' ಅನ್ನೂ ಮಾತಿನಾಗ ಎಲ್ಲಾ ಬಂತು. ತಿಳಿಯೂವರಿಗೆ ತಿಳಿತೈತಿ."

ತಿಳಿಯಬೇಕಾದವರಿಗೆ ತಿಳಿಯುತ್ತಿರಲಿಲ್ಲವಲ್ಲ, ಅದಕ್ಕೇ ತಾನೇ ನನ್ನ ಸಂಕಟ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ವರ್ಷಾ ವರ್ಷಾ "ಎಲ್ಲ, ಎಲ್ಲ" ಎಂದು ಅರಚುವುದು, ಅವರು ವರ್ಷಾ ವರ್ಷಾ ಅತ್ತು ಮನೆಗೆ ಹೋಗುವುದು. ನಾನು ತಾಲೀಮಿಗೆ ಬರುವುದಿಲ್ಲ ಎಂದೆ, ಹೋದೆ. ಅಂಗಿ ಹೊಲಿಯುವುದಿಲ್ಲ ಎಂದೆ, ಹೊಲಿದೆ. ಅವರ ಮೇಲೆ ಸಿಟ್ಟು ಮಾಡಿಕೊಂಡು ದೂರ ಇರುವುದು ಆಗದ ಮಾತಾಗಿತ್ತು.

ಮೂರನೆಯ ವರ್ಷ ನಾನು ತಡೆಯಲಿಲ್ಲ. ಸಾರಥಿಗೆ ಲಗಾಮಿಲ್ಲವಲ್ಲ! ಅದೇ ಹಳ್ಳಿ, ಹೊತ್ತು ಮೂಡುತ್ತಿದೆ, ರಕ್ಕಸ ಬಿದ್ದಿದ್ದಾನೆ, ಬಾಗಿಲು ಒಡೆದಿದೆ. "ಈ ನೀರು ಯಾರಿಗಪಾ ವೀರಾ?" ಎಂದೆ. "ಬಾಯಾರಿದವರಿಗೆಲ್ಲ!" ಎಂದು ಗುಡುಗಿದರು. ಜನ ಕೇಕೆ ಹಾಕಿದರು. ಕೇಕೆ ನಿಂತ ಮೇಲೆ ನಾನು ಕೆಳಗೆ ನಿಂತವನ ಕಡೆ ಕೈ ಮಾಡಿ, "ಈ ದುರುಗಪ್ಪಗೂ ಐತೇನಪಾ? ಈ ಊರ ಬಾವ್ಯಾಗಿಂದು?" ಎಂದು ಕೇಳಿಬಿಟ್ಟೆ.

ಹಿಮ್ಮೇಳ ನಿಂತಿತು. ದುರುಗಪ್ಪ ಸನಾದಿ ಬಾಯಿಂದ ತೆಗೆದು ತಲೆ ತಗ್ಗಿಸಿದ. ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಊರ ಹಿರಿಯ ಶಿವನಗೌಡರ ಮೀಸೆ ಅಲುಗಿತು. ನಾನು ಮಾಸ್ತರರ ಮುಖ ನೋಡಿದೆ. ಹಸಿರು, ಕೆಂಪು ಬಣ್ಣದ ನಡುವೆ ಎರಡು ಕಣ್ಣು ನನ್ನನ್ನು ಸುಟ್ಟುಬಿಡುವಂತಿದ್ದವು. ಹೇಳ್ರಿ, ಈಗರೆ ಹೇಳ್ರಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವರು ಹೇಳಲಿಲ್ಲ. ಗದೆ ಹೆಗಲಿಗೇರಿಸಿಕೊಂಡು ಅಟ್ಟದಿಂದ ಇಳಿದರು. ಮಂಗಳ ಹಾಡಿಸಿ ಬಾವಿಯ ಕಡೆ ನಡೆದರು.

ದುರುಗಪ್ಪ ಮುಂದೆ, ಅವರು ಹಿಂದೆ, ಊರೆಲ್ಲ ಅವರ ಹಿಂದೆ. ಬೇವಿನ ಗಿಡ ಬಂತು. ದುರುಗಪ್ಪ ಎಂದಿನಂತೆ ನಿಂತ. ಮಾಸ್ತರರೂ ನಿಂತರು.

ಶಿವನಗೌಡರು ಬಾವಿಯ ಕಟ್ಟೆಯಿಂದ, "ಬರ್ರಿ ವೀರಾ," ಎಂದರು.

"ಸನಾದಿ ಮುಂದ ನಡೀದ ಸಿಡಿಲಮಲ್ಲ ನಡಿಯಂಗಿಲ್ಲ," ಎಂದರು ಮಾಸ್ತರರು, ಪದ ಹೇಳುವ ಧ್ವನಿಯಲ್ಲೇ.

"ಯಾವಾಗ್ಲೂ ಬರ್ತಿದ್ರಲ್ಲಾ?"

ಮಾಸ್ತರರು ಗದೆ ಊರಿ ನಿಂತರು. ಬಿಸಿಲು ಏರಿತು. ಬಣ್ಣ ಬಿರಿಯತೊಡಗಿತು, ಬೆವರು ಗದ್ದದ ಮೇಲೆ ಹಸಿರಾಗಿ ಇಳಿಯಿತು. ಊರಲ್ಲಿ ಒಲೆ ಹಚ್ಚುವಂತಿಲ್ಲ. ಮಕ್ಕಳು ಹಸಿವೆಂದು ಅಳತೊಡಗಿದವು, ಹೊಲಕ್ಕೆ ಹೋಗುವ ಆಳುಗಳಿಗೆ ಬುತ್ತಿ ಇಲ್ಲ. ಗೌಡರು ಹಿರಿಯರನ್ನು ಕೂಡಿಸಿ ಗುಸುಗುಸು ಮಾಡಿದರು. ಕಡೆಗೆ ಗೌಡರು ಕೈ ಬೀಸಿ, "ಆತು, ಸನಾದಿ ಬರಲಿ," ಎಂದರು.

ದುರುಗಪ್ಪ ನುಡಿಸುತ್ತ ಬಾವಿಯ ಕಟ್ಟೆಯ ತನಕ ಹೋದ. ಆ ಗಿಡ ದಾಟಿದ ಸನಾದಿ ಅದೇ ಮೊದಲು. ಮಾಸ್ತರರು ಮುಖ ತೊಳೆದು, "ನಾ ಕಳಕಪ್ಪ, ಗುರುಪಾದಪ್ಪನ ಮಗ," ಎಂದು ನೀರು ಕುಡಿದರು. ಅದೇ ಕೊಡದಿಂದ ದುರುಗಪ್ಪನಿಗೂ ಹಾಕಿಸಿದರು. ನಾನು ಖುಷಿಯಿಂದ ಅಳುವುದೊಂದು ಬಾಕಿ.

ಮುಂದಿನ ಸಂತೆಗೆ ಸುದ್ದಿ ಬಂತು. ಮರುದಿನವೇ ಕೇರಿಯ ಹೆಂಗಸೊಬ್ಬಳು ಕೊಡ ಹಿಡಿದು ಬಾವಿಗೆ ಹೋದಳಂತೆ. ಗೌಡರು ನಕ್ಕು, "ಏ ತಂಗೀ, ಅದು ಆಟದ ನೀರವಾ. ಆಟ ಮುಗೀತು," ಎಂದು ತಿರುಗಿಸಿ ಕಳಿಸಿದರಂತೆ. ಜನರೂ ಹೌದು ಹೌದು ಎಂದರಂತೆ.

ನನ್ನ ಸಿಟ್ಟು ನೆತ್ತಿಗೇರಿತು. ಮಷೀನು ಬಿಟ್ಟು ಓಡಿದೆ. ದುರುಗಪ್ಪ ಮಾಸ್ತರರ ಕಟ್ಟೆಯ ಮೇಲೆ ಸನಾದಿಯ ಪೀಪಿ ಒರೆಸುತ್ತ ಕೂತಿದ್ದ. "ನೋಡಿದ್ರೇನ್ರಿ? ಕೇಳಿದ್ರೇನ್ರಿ? ಬಾಯಿ ಬಿಟ್ಟು ಹೇಳಿದ್ರ ಇದು ಆಟ ಅಂತಿದ್ರೇನ್ರಿ ಅವ್ರು? ಮಟಮಟ ಮಧ್ಯಾಹ್ನದ ತನಕ ಬಿಸಿಲಾಗ ನಿಂತ್ರಿ, ಒಂದ ಮಾತಿಗೆ ಬರಗಾಲ ಬಂದಿತ್ತೇನ್ರಿ ನಿಮಗ? ಅಡ್ಡಗೋಡಿ ಮ್ಯಾಲ ದೀಪ ಇಟ್ಟು ಕೂತ್ರಿ!"

"ನೀ ಅಟ್ಟದ ಮ್ಯಾಲ ನನ್ನ ಮಾತು ಕದಿಲಿಕ್ಕೆ ನೋಡಿದ್ಯಲ್ಲಲೇ ಹುಸೇನಿ. ಅದಕ್ಕ ಮೊದ್ಲ ಜವಾಬು ಕೊಡು," ಎಂದು ಮಾಸ್ತರರೂ ದನಿ ಏರಿಸಿದರು. ಅವರು ದನಿ ಏರಿಸಿದ್ದನ್ನು ಮಗ್ಗದ ಹತ್ತಿರ ನಾನು ಕೇಳಿದ್ದು ಅಂದೇ ಮೊದಲು.

"ಸಾಕ್ ಮಾಡ್ರಿ ಇಬ್ರೂ," ಎಂದ ದುರುಗಪ್ಪ.

ನಾವು ತಿರುಗಿ ನೋಡಿದೆವು.

"ನೀರಡಿಕಿ ಯಾರ್ದು? ನಂದು. ಇವ ನನ್ನ ಹೆಸರು ಹಿಡಿದು ನಾಕ ಮಂದ್ಯಾಗ ಒದರಿದ. ನೀವು ನನ್ನ ಮುಂದ ಬಿಟ್ಕೊಂಡು ಬಿಸಿಲಾಗ ನಿಂತ್ರಿ. 'ದುರುಗಪ್ಪಾ, ನಿನಗ ಏನ ಅನಸ್ತೈತಿ?' ಅಂತ ನನ್ನ ಕೇಳಿದಾವ್ರು ಯಾರು?"

ನನಗೆ ನಾನು ಮಾಡಿದ್ದು ತಪ್ಪೆಂದು ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಅವನನ್ನು ಕೇಳಿರಲಿಲ್ಲವೆಂಬುದು ಖರೆ. ಮಾಸ್ತರರು ಲಾಳಿ ಕೆಳಗಿಟ್ಟು, "ಈಗ ಕೇಳತೀನಿ. ಹೇಳು," ಎಂದರು.

"ಬರೂ ವರ್ಷ ಬಣ್ಣ ನಾ ಹಚ್ಕೋತೀನಿ."

ಒಳಗಿನಿಂದ ಮಾಸ್ತರರ ಹೆಂಡತಿ ಗೌರವ್ವ, "ಯವ್ವಾ!" ಎಂದದ್ದು ಕೇಳಿಸಿತು. ಮಾಸ್ತರರು ಮತ್ತೆ ಲಾಳಿ ಎತ್ತಿಕೊಂಡರು. ನನಗೆ ಗೊತ್ತಿದ್ದ ಕಳಕಪ್ಪನೇ ಅದು: ಹೌದು ಇಲ್ಲ ಎರಡೂ ಬಾಯಿಂದ ಬರುವುದಿಲ್ಲ. ಉರಿದುಕೊಂಡು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಅವರ ಮನೆಯಿಂದ ಧಡ್ ಧಡ್ ಸದ್ದು. ಹೋಗಿ ನೋಡಿದರೆ ದುರುಗಪ್ಪ ಪಡಸಾಲೆಯ ಹೊರಸಿನ ಮೇಲಿಂದ ನೆಲಕ್ಕೆ ಜಿಗಿಯುತ್ತಿದ್ದಾನೆ. ಮಾಸ್ತರರು ಗೋಡೆಗೆ ಒರಗಿ ಕೂತು, "ಸಿಡಿಲು ಬಡಿಬೇಕಲೇ, ಜ್ವಾಳದ ಚೀಲ ಬಿದ್ದಂಗ ಬೀಳಬ್ಯಾಡ! ಮೊಣಕಾಲು ಮಡಚು!" ಎಂದು ಒದರುತ್ತಿದ್ದಾರೆ. ಮೇಳದಲ್ಲಿ ಇಬ್ಬರು ಬಿಟ್ಟು ಹೋದರು. ಮಾಸ್ತರರು ಕರೆಯಲಿಲ್ಲ. ಗೌರವ್ವ ಎಂಟು ದಿನ ಮುಖ ಉಬ್ಬಿಸಿಕೊಂಡಿದ್ದಳು. ಆಮೇಲೆ, ಇಷ್ಟು ಜಿಗಿದವನಿಗೆ ಹಸಿವಾಗುವುದಿಲ್ಲವೇ ಎಂದು ಒಳಗೇ ರೊಟ್ಟಿ ಬಡಿಸಿದಳು. ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು ಎಂದು ನಾನು ಚೇಷ್ಟೆ ಮಾಡಿದರೆ ಉಳ್ಳಾಗಡ್ಡಿ ಎಸೆದಳು.

ಮಾಸ್ತರರಿಗೆ ಆಗಲೇ ದಮ್ಮು ಹತ್ತಿತ್ತು. ಮಳೆಗಾಲದಲ್ಲಿ ಹೆಚ್ಚಾಯಿತು. ದವಾಖಾನೆಯ ಔಷಧಿ ಕುಡಿದರು, ಹಳ್ಳಿಯ ಔಷಧಿ ಕುಡಿದರು, ಮಗ್ಗದ ಕುಣಿಗೆ ಇಳಿಯುವುದು ನಿಂತಿತು. ನಾನು ಕಡೆಯ ಸಲ ಹೋದಾಗ ಹೊರಸಿನ ಮೇಲೆ ದಿಂಬು ಒಟ್ಟಿಕೊಂಡು ಕೂತಿದ್ದರು. ಬಾಯಲ್ಲಿ ಎಲೆ-ಅಡಕೆ ಇರಲಿಲ್ಲ. ದುರುಗಪ್ಪನ ಅಳತೆಗೆ ಅಂಗಿ ಚಿಕ್ಕದು ಮಾಡಿ ತಂದಿದ್ದೆ. ತೋಳು ಹಿಡಿದು ಎಳೆದು ನೋಡಿ, "ಇಲ್ಲಿ ಬಿಗಿ ಆತು, ಗದಾ ಎತ್ತಲಿಕ್ಕೆ ಬರಂಗಿಲ್ಲ, ಬಿಚ್ಚು," ಎಂದರು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಮಾಸ್ತರ, ಈಗರೆ ಒಪ್ರಿ. ನೀವು ಅವತ್ತ ಹೇಳಬೇಕಾಗಿತ್ತು."

ಕೆಮ್ಮು ನಿಲ್ಲುವ ತನಕ ಕೈ ಎತ್ತಿ ಹಿಡಿದರು. ಆಮೇಲೆ, "ನಿನ್ನ ಜೋಡಿ ಜಗಳಾಡಲಿಕ್ಕೆ ಉಸಿರು ಸಾಲಂಗಿಲ್ಲೋ ಹುಸೇನಿ. ನಾಳೆ ಬಾ," ಎಂದರು.

ನಾಳೆ ಎಂಬುದು ಬಂತು, ಅವರು ಇರಲಿಲ್ಲ. ಮಣ್ಣು ಮಾಡಿ ಬರುವಾಗ ದುರುಗಪ್ಪ ದಾರಿಯುದ್ದ ಸಿಡಿಲಮಲ್ಲನ ನಡಿಗೆಯ ಧಾಟಿ ನುಡಿಸಿದ. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು. ಮಾತು ಅರ್ಧಕ್ಕೆ ಬಿಟ್ಟು ಎದ್ದು ಹೋಗುವುದೆಂದರೇನು?

ಸುಗ್ಗಿ ಮುಗಿಯಿತು. ಅದೇ ಹಳ್ಳಿಗೆ ಹೋದೆವು. ಸನಾದಿಯನ್ನು ದುರುಗಪ್ಪನ ತಮ್ಮ ನುಡಿಸಿದ. ಸಿಡಿಲಮಲ್ಲ ಚಕ್ಕಡಿಯ ಮೇಲಿಂದ ಜಿಗಿದಾಗ ಹಲಗೆ ನಡುಗಿದವು. ಜನ ಕೇಕೆ ಹಾಕಿದರು. ಶಿವನಗೌಡರು ನನ್ನನ್ನು ಬದಿಗೆ ಕರೆದು, "ಮಾಸ್ತರ ಹೋದ್ರಂತ ಕೇಳಿದ್ವಿ. ಈ ಸಲ ಸಿಡಿಲಮಲ್ಲ ಯಾರ್ರಿ? ಭಾಳ ಚಲೋ ಅದಾನ," ಎಂದರು.

"ಬಣ್ಣ ಹಚ್ಚಿದ ಮ್ಯಾಲ ಹೆಸರು ಕೇಳಬಾರದ್ರಿ ಗೌಡ್ರ," ಎಂದೆ. ಮಾಸ್ತರರ ಯಾವ ಹಟ ನನ್ನನ್ನು ಉರಿಸಿತ್ತೋ ಅದನ್ನೇ ಹಿಡಿದು ನಿಂತಿದ್ದೆ.

ಹೊತ್ತು ಮೂಡಿತು. ಈ ನೀರು ಯಾರಿಗೆ ಎಂದು ಕೇಳಿದೆ. "ಬಾಯಾರಿದವರಿಗೆಲ್ಲ!" ಎಂದ. ಅಷ್ಟೇ, ಒಂದಕ್ಷರ ಹೆಚ್ಚಿಲ್ಲ. ಸನಾದಿ ಬೇವಿನ ಗಿಡ ದಾಟಿತು. ಹೋದ ವರ್ಷದ ಫಜೀತಿ ನೆನೆದು ಯಾರೂ ಅಡ್ಡ ಬರಲಿಲ್ಲ. ಬಾವಿಯ ಕಟ್ಟೆಯ ಹತ್ತಿರ ಗೌಡರು ಬಗ್ಗಿ ವೀರನ ಪಾದ ತೊಳೆದರು, ಆ ನೀರು ಕಣ್ಣಿಗೆ ಒತ್ತಿಕೊಂಡರು. ದುರುಗಪ್ಪ ಕಿರೀಟ ನನ್ನ ಕೈಗೆ ಕೊಟ್ಟು ಎಣ್ಣೆ ಹಚ್ಚಿಕೊಂಡು ಬಣ್ಣ ಉಜ್ಜಿದ. ಹಸಿರು ಹೋಯಿತು, ಕೆಂಪು ಹೋಯಿತು, ಅಂಟಿಸಿದ ಮೀಸೆ ಹೋಯಿತು. ಮುಂದೆ ನಿಂತಿದ್ದ ನಾಲ್ಕಾರು ಜನ ಹಿಂದೆ ಸರಿದರು.

ಸಾರಥಿ ಕೇಳಬೇಕಲ್ಲ. "ಈಗ ನೀ ಯಾರಪಾ?" ಎಂದೆ.

"ನಾ ದುರುಗಪ್ಪ," ಎಂದ, ಗಿಡದ ಹತ್ತಿರ ಕೊಡ ಇಟ್ಟುಕೊಂಡು ನಿಂತವರಿಗೂ ಕೇಳುವಂತೆ. "ಸನಾದಿ ಯಲ್ಲಪ್ಪನ ಮಗ. ನೀರು ಹಾಕ್ರಿ."

ಬೊಗಸೆ ಒಡ್ಡಿದ. ಗೌಡರ ಕೈಯಲ್ಲಿ ಕೊಡ ಇದ್ದ ಹಾಗೇ ಉಳಿಯಿತು. ತಾವೇ ತೊಳೆದ ಪಾದ ಇನ್ನೂ ಒದ್ದೆಯಾಗಿ ಎದುರಿಗಿದೆ. ಅವರು ಪಾದ ನೋಡಿದರು, ಮುಖ ನೋಡಿದರು, ಹಿರಿಯರ ಕಡೆ ನೋಡಿದರು. ಹಿರಿಯರು ಮುಗಿಲು ನೋಡುತ್ತಿದ್ದರು. ದುರುಗಪ್ಪ ಬೊಗಸೆ ಇಳಿಸಲಿಲ್ಲ. ಎಷ್ಟು ಹೊತ್ತಾಯಿತೋ, ಹಿಂದಿನಿಂದ ಹೆಂಗಸೊಬ್ಬಳು ಬಗಲಲ್ಲಿ ಅಳುವ ಕೂಸನ್ನು ತಟ್ಟುತ್ತ, "ಲಗೂ ಹಾಕ್ರಿ ಗೌಡ್ರ. ಇನ್ನೂ ಒಲಿ ಹಚ್ಚಬೇಕು, ಹುಡುಗ್ರು ಹಸದಾವು," ಎಂದಳು.

ಗೌಡರು ಕೊಡ ಬಾಗಿಸಿದರು. ದುರುಗಪ್ಪ ಕುಡಿದ. ಮತ್ತೊಮ್ಮೆ ಒಡ್ಡಿದ, ಮತ್ತೊಮ್ಮೆ ಕುಡಿದ.

ಬಾವಿ ಅಂದೇ ಎಲ್ಲರದಾಯಿತೆಂದು ಹೇಳಿದರೆ ಅಲ್ಲಾಹ ಮೆಚ್ಚಲಿಕ್ಕಿಲ್ಲ. ಕೆಲವು ಮನೆಯವರು ಬೇರೆ ಬಾವಿಗೆ ಹೋದರು, ಬೇಸಗೆಯಲ್ಲಿ ಅದು ಬತ್ತಿದಾಗ ಬಾಯಿ ಮುಚ್ಚಿಕೊಂಡು ತಿರುಗಿ ಬಂದರು. ಕೇರಿಯ ಹೆಂಗಸರನ್ನು ಬೈದವರೂ ಇದ್ದರು. ಆದರೆ ಆಟದ ನೀರು ಎಂದು ನಕ್ಕು ಕಳಿಸಲು ಮಾತ್ರ ಮತ್ತೆ ಯಾರಿಗೂ ಆಗಲಿಲ್ಲ. ಕುಡಿದವನು ಬಣ್ಣ ತೊಳೆದುಕೊಂಡು, ಹೆಸರು ಹೇಳಿ ಕುಡಿದಿದ್ದನಲ್ಲ.

ಆ ಮುಂಜಾನೆ ನಾನು ಕಿರೀಟ ಎತ್ತಿಕೊಂಡು ಚಕ್ಕಡಿಯ ಕಡೆ ಓಡಿದೆ. ಮಾಸ್ತರರು ಇಲ್ಲವೆಂಬುದು ಮರೆತೇ ಹೋಗಿತ್ತು. "ನೋಡಿದ್ರೇನ್ರಿ ಮಾಸ್ತರ, ಒಂದ ಮಾತು ಸಾಕಾತೋ ಇಲ್ಲೋ? ನಾ ಮೂರು ವರ್ಷ ಬಡಕೊಂಡಿದ್ದು ಇದನ್ನ!" ಎಂದು ಹೇಳಲಿಕ್ಕೇ ಓಡಿದ್ದು. ಅವರು ಏನನ್ನುತ್ತಿದ್ದರೆಂದೂ ಗೊತ್ತು. "ಆ ಮಾತು ಸಿಡಿಲಮಲ್ಲ ಎಲ್ಲಿ ಆಡಿದ್ನೋ ಹುಸೇನಿ? ಆಡಿದಾವ ದುರುಗಪ್ಪ," ಎಂದು ಎಲೆ-ಅಡಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದಕ್ಕೆ ನಾನು ಕೊಡಬೇಕಾದ ಜವಾಬು ಇವತ್ತಿನ ತನಕ ಸಿಕ್ಕಿಲ್ಲ. ಸಿಕ್ಕರೂ ಯಾರಿಗೆ ಕೊಡಲಿ?

ಚಕ್ಕಡಿಯಲ್ಲಿ ಬಣ್ಣದ ಪೆಟ್ಟಿಗೆಯ ಪಕ್ಕ ಅವರು ಕೂಡುತ್ತಿದ್ದ ಜಾಗ ಖಾಲಿ ಇತ್ತು. ಆ ಜಾಗಕ್ಕೇ ಬಾಯಿಗೆ ಬಂದಂತೆ ಬೈದು, ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬದಿಗೆ ಹತ್ತಿ ಕೂತೆ.